ರಾಡೋ, ಮಷಿನೋ? ಮೈ ಬೆಳೆಸಲು ಒಂದು ಲೆಕ್ಕ, ಬಲಕ್ಕೆ ಇನ್ನೊಂದು

ಕಳೆದ ಸುಗ್ಗಿಯಲ್ಲಿ ನನ್ನ ತಂಗಿಯ ಮಗ ಬೀಳಗಿ ಕಡೆಯ ನಮ್ಮ ಹೊಲಕ್ಕೆ ಬಂದಿದ್ದ. ಬಾಗಲಕೋಟೆ ನವನಗರದ ಜಿಮ್ ಒಂದರಲ್ಲಿ ಎರಡು ವರ್ಷ ಮಷಿನ್‌ಗಳ ಮೇಲೆ ಬೆವರು ಸುರಿಸಿದ ಹುಡುಗ. ಲೆಗ್ ಪ್ರೆಸ್‌ಗೆ, ಅಂದರೆ ಒರಗಿ ಕುಳಿತು ಕಾಲಿನಿಂದ ಭಾರ ತಳ್ಳುವ ಮಷಿನ್‌ಗೆ, 200 ಕೆ.ಜಿ. ಪ್ಲೇಟ್ ಹಾಕಿ ಹತ್ತು ಸಲ ತಳ್ಳುತ್ತಾನೆ. ತೊಡೆಗಳು ತುಂಬಿಕೊಂಡು ಪ್ಯಾಂಟು ಬಿಗಿಯಾಗಿದೆ. ಹಿಂಗಾರಿ ಜೋಳದ ರಾಶಿ ಮುಗಿದು ಚೀಲಗಳನ್ನು ಟ್ರ್ಯಾಕ್ಟರ್‌ಗೆ ಹೇರುವ ಹೊತ್ತು. 60 ಕೆ.ಜಿ.ಯ ಚೀಲವೊಂದನ್ನು ನೆಲದಿಂದ ಎದೆಗೆ ತರುವಷ್ಟರಲ್ಲಿ ಅವನ ಸೊಂಟ ಬಾಗಿತು, ಚೀಲ ಪಕ್ಕಕ್ಕೆ ವಾಲಿತು, ಹುಡುಗ ಅದರ ಹಿಂದೆಯೇ ಎರಡು ಹೆಜ್ಜೆ ಓಡಿದ. ಐವತ್ತು ದಾಟಿದ, ಅವನಿಗಿಂತ ಹದಿನೈದು ಕಿಲೋ ಹಗುರವಾದ ಹಮಾಲರೊಬ್ಬರು ಅದೇ ಚೀಲವನ್ನು ಮೊಣಕಾಲಿಗೆ ಆನಿಸಿ, ಅಲ್ಲಿಂದ ಹೆಗಲಿಗೆ ಜಾರಿಸಿ, ಮಾತನಾಡುತ್ತಲೇ ಹೊತ್ತೊಯ್ದರು.

“ಮಾಮಾ, ಎರಡು ವರ್ಷ ಮಾಡಿದ್ದೆಲ್ಲ ಸುಳ್ಳೇ?” ಎಂದು ರಾತ್ರಿ ಊಟಕ್ಕೆ ಕುಳಿತಾಗ ಅವನು ಕೇಳಿದ. ಮುಖ ಸಣ್ಣದಾಗಿತ್ತು. ಸುಳ್ಳಲ್ಲ. ಅವನ ತೊಡೆ ನಿಜವಾಗಿಯೂ ಬೆಳೆದಿತ್ತು. ಆದರೆ ಮೈ ಬೆಳೆಯುವುದು ಒಂದು ಕೆಲಸ, ಆ ಮೈ ಒಂದು ಭಾರವನ್ನು ಎತ್ತಲು ಕಲಿಯುವುದು ಇನ್ನೊಂದು ಕೆಲಸ. ಜಿಮ್‌ಗಳಲ್ಲಿ ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿ, “ರಾಡ್ ಹಿಡಿದವನೇ ಗಂಡಸು” ಎಂದು ಒಬ್ಬರು, “ಮಷಿನ್ ಮಾಡಿದರೆ ಪೆಟ್ಟಾಗುವುದಿಲ್ಲ” ಎಂದು ಇನ್ನೊಬ್ಬರು ಹೇಳುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಭಾರ ಎತ್ತುತ್ತಿದ್ದೇನೆ, ಕಳೆದ ಎಂಟು ವರ್ಷಗಳಿಂದ ಸಂಜೆ ಹೊಸಬರಿಗೆ ಕಲಿಸುತ್ತಿದ್ದೇನೆ. ಈ ಎರಡು ಮಾತುಗಳೂ ಎಷ್ಟು ಜನರ ವರ್ಷಗಳನ್ನು ತಿಂದಿವೆ ಎಂಬುದನ್ನು ಕಣ್ಣಾರೆ ನೋಡಿದ್ದೇನೆ. ಅಂದು ರಾತ್ರಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಫ್ರೀ ವೇಟ್ ಎಂದರೆ ಬಾರ್ಬೆಲ್ (ನಮ್ಮ ಹುಡುಗರ ಬಾಯಲ್ಲಿ ರಾಡ್), ಡಂಬೆಲ್, ಹಾಗೆ ನೋಡಿದರೆ ಗರಡಿಮನೆಯ ಗದೆ ಮತ್ತು ಗುಂಡುಕಲ್ಲು ಕೂಡ. ಮಷಿನ್ ಎಂದರೆ ಹಳಿಯ ಮೇಲೋ ಕೀಲಿನ ಮೇಲೋ ಭಾರ ಚಲಿಸುವ ಸಾಧನ. ರಾಟೆಯ ಮೇಲೆ ಹಾಯ್ದ ತಂತಿಹಗ್ಗದಿಂದ ಭಾರ ಜಗ್ಗುವ ಕೇಬಲ್ ಇವೆರಡರ ನಡುವಿನದು.

ಸ್ನಾಯುವಿಗೆ ಗೊತ್ತಿರುವುದು ಬಿಗಿತ ಒಂದೇ

ಸ್ನಾಯುವಿನ ಎಳೆಗೆ ಕಣ್ಣಿಲ್ಲ. ತನ್ನನ್ನು ಜಗ್ಗುತ್ತಿರುವುದು ಕಬ್ಬಿಣದ ರಾಡೋ, ಕೇಬಲ್ಲಿನ ಹಿಡಿಕೆಯೋ, ಜೋಳದ ಚೀಲವೋ ಅದಕ್ಕೆ ತಿಳಿಯದು. ಎಷ್ಟು ಬಿಗಿತ ತನ್ನ ಮೇಲೆ ಬಿತ್ತು, ತಾನು ಹಿಗ್ಗಿದಾಗಲೂ ಆ ಬಿಗಿತ ಇತ್ತೇ, ಇಂಥ ಸೆಟ್‌ಗಳು (ನಡುವೆ ನಿಲ್ಲಿಸದೆ ಒಂದೇ ಸರದಿಯಲ್ಲಿ ಎತ್ತುವ ಸಲಗಳ ಗುಂಪು) ವಾರದಲ್ಲಿ ಎಷ್ಟು ಆದವು ಎಂಬುದಷ್ಟೇ ಅದರ ಲೆಕ್ಕ. ಐದು ಸಲ ಮಾತ್ರ ಎತ್ತಬಲ್ಲ ಭಾರದಿಂದ ಹಿಡಿದು ಮೂವತ್ತು ಸಲ ಎತ್ತಬಲ್ಲ ಭಾರದವರೆಗೆ ಯಾವುದನ್ನು ಬಳಸಿದರೂ ಸ್ನಾಯು ಬೆಳೆಯುತ್ತದೆ. ಷರತ್ತು ಒಂದೇ: ಸೆಟ್ ಮುಗಿಯುವಾಗ “ಇನ್ನು ಒಂದೋ ಎರಡೋ ಸಲ ಅಷ್ಟೇ ಆಗುತ್ತಿತ್ತು” ಎನ್ನುವ ಸ್ಥಿತಿಗೆ ಬಂದಿರಬೇಕು. ಒಂದೊಂದು ಸ್ನಾಯುವಿಗೆ ವಾರಕ್ಕೆ ಇಂಥ ಹತ್ತು ಸೆಟ್‌ಗಳು ಎಂಬುದು ಒಳ್ಳೆಯ ಅಂದಾಜು. ಹೊಸಬರಿಗೆ ಅದರ ಅರ್ಧವೂ ಸಾಕು.

2023ರಲ್ಲಿ ನಾರ್ವೆಯ ಸಂಶೋಧಕರು ಇದೇ ಪ್ರಶ್ನೆಯ ಮೇಲಿನ 13 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಎಲ್ಲ ಸೇರಿ ಸಾವಿರಕ್ಕೂ ಹೆಚ್ಚು ಜನ. ಸ್ನಾಯುವಿನ ಗಾತ್ರದಲ್ಲಿ ಫ್ರೀ ವೇಟ್ ಗುಂಪು ಮತ್ತು ಮಷಿನ್ ಗುಂಪಿನ ನಡುವೆ ವ್ಯತ್ಯಾಸ ಕಾಣಲಿಲ್ಲ. ನೆಗೆತದಲ್ಲೂ ಕಾಣಲಿಲ್ಲ. ಕಂಡದ್ದು ಒಂದು ಕಡೆ: ಬಾರ್ಬೆಲ್ಲಿನಲ್ಲಿ ಬಲವನ್ನು ಅಳೆದಾಗ ಬಾರ್ಬೆಲ್ಲಿನಲ್ಲಿ ಪಳಗಿದವರು ಮುಂದಿದ್ದರು. ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಫಲಿತಾಂಶದಲ್ಲಿ ಅಡಗಿದೆ. ಗಾತ್ರಕ್ಕೆ ಸಾಧನ ಮುಖ್ಯವಲ್ಲ. ಬಲಕ್ಕೆ ಮುಖ್ಯ. ಏಕೆಂದರೆ ಬಲದ ಅರ್ಧ ಪಾಲು ಅಭ್ಯಾಸ.

ಹಾಗಾದರೆ ಗಾತ್ರವೊಂದೇ ಬೇಕಾದವರು ಯಾವುದನ್ನು ಆರಿಸಬೇಕು? ಸುಸ್ತಿನ ಅಂಚಿನವರೆಗೆ ಹೆದರಿಕೆಯಿಲ್ಲದೆ ಹೋಗಲು ಯಾವುದು ಬಿಡುತ್ತದೋ ಅದನ್ನು. ಇಲ್ಲಿ ಮಷಿನ್‌ಗೆ ನಿಜವಾದ ಲಾಭವಿದೆ. ಹೆಗಲ ಮೇಲೆ ರಾಡ್ ಇಟ್ಟುಕೊಂಡು ಸ್ಕ್ವಾಟ್ (ಕುಳಿತು ಏಳುವ ವ್ಯಾಯಾಮ) ಮಾಡುವಾಗ ಎಷ್ಟೋ ಸಲ ತೊಡೆ ಸೋಲುವ ಮೊದಲೇ ಬೆನ್ನು ಸೋಲುತ್ತದೆ, ಉಸಿರು ಸೋಲುತ್ತದೆ, ಎಲ್ಲಕ್ಕಿಂತ ಮೊದಲು ಮನಸ್ಸು ಸೋಲುತ್ತದೆ. ಸೆಟ್ ಮುಗಿಯಿತು ಎಂದುಕೊಳ್ಳುತ್ತೇವೆ. ತೊಡೆಯಲ್ಲಿ ಇನ್ನೂ ಐದು ಸಲದ ಶಕ್ತಿ ಉಳಿದಿರುತ್ತದೆ. ಲೆಗ್ ಪ್ರೆಸ್‌ನಲ್ಲಿ ಬೆನ್ನಿಗೆ ಆಸರೆ ಇದೆ, ಭಾರ ಎಲ್ಲಿಗೂ ವಾಲುವುದಿಲ್ಲ, ಸೋತರೆ ತಡೆ ಇದೆ. ತೊಡೆಯನ್ನು ಅದರ ಕೊನೆಯ ಹನಿಯವರೆಗೆ ಹಿಂಡಬಹುದು. ನನ್ನ ಸೋದರಳಿಯನ ತೊಡೆ ಬೆಳೆದದ್ದು ಹೀಗೆ. ಅದನ್ನು ಯಾರಾದರೂ ಹೀಯಾಳಿಸಿದರೆ ನನಗೆ ಸಿಟ್ಟು ಬರುತ್ತದೆ.

ಚೀಲ ಏಕೆ ವಾಲಿತು

ಈಗ ಅವನ ಚೀಲದ ಸಂಗತಿ. ಮೊದಲನೆಯದಾಗಿ, ಆ 200 ಎಂಬ ಅಂಕಿಯೇ 200 ಅಲ್ಲ. ಲೆಗ್ ಪ್ರೆಸ್‌ನ ಹಳಿ ಸಾಮಾನ್ಯವಾಗಿ 45 ಡಿಗ್ರಿ ಓರೆಯಾಗಿರುತ್ತದೆ. ಓರೆಯ ಮೇಲೆ ಭಾರವನ್ನು ತಳ್ಳುವಾಗ ಅದರ ಸುಮಾರು ಶೇ 70 ಪಾಲು ಮಾತ್ರ ಕಾಲಿಗೆ ಬರುತ್ತದೆ, ಉಳಿದದ್ದನ್ನು ಹಳಿ ಹೊರುತ್ತದೆ. 200 ಕೆ.ಜಿ. ಪ್ಲೇಟ್ ಎಂದರೆ ಕಾಲಿಗೆ ಸುಮಾರು 140. ಇನ್ನೊಂದು ಕಡೆ, ಸ್ಕ್ವಾಟ್ ಮಾಡುವವನು ರಾಡ್ ಜೊತೆಗೆ ತನ್ನ ಮೈಯ ಬಹುಪಾಲು ತೂಕವನ್ನೂ ಎತ್ತುತ್ತಾನೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಲೆಗ್ ಪ್ರೆಸ್ ಅಂಕಿಯನ್ನು ಸ್ಕ್ವಾಟ್ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸುವುದು ಬೇಡ. ಕೇಬಲ್ ಮಷಿನ್‌ನಲ್ಲೂ ಇಂಥದೇ ಗೊಂದಲ ಇದೆ: ರಾಟೆಗಳ ಜೋಡಣೆಯ ಮೇಲೆ ಕೆಲವು ಮಷಿನ್‌ಗಳಲ್ಲಿ 20 ಎಂದು ಬರೆದಿರುವುದು ಕೈಗೆ 10 ಆಗಿ ಬರುತ್ತದೆ. ಬೇರೆ ಜಿಮ್‌ನ ಗೆಳೆಯನಿಗಿಂತ ನೀವು ಹೆಚ್ಚು ಜಗ್ಗಿದಿರೋ ಕಡಿಮೆ ಜಗ್ಗಿದಿರೋ ಎಂಬುದಕ್ಕೆ ಅರ್ಥವಿಲ್ಲ. ಅದೇ ಮಷಿನ್‌ನಲ್ಲಿ ಕಳೆದ ತಿಂಗಳಿಗಿಂತ ಈ ತಿಂಗಳು ಎಷ್ಟು ಎಂಬುದಕ್ಕೆ ಅರ್ಥವಿದೆ.

ಎರಡನೆಯದು ನರಗಳ ಪಾಠ. ಹೊಸದಾಗಿ ಭಾರ ಎತ್ತಲು ತೊಡಗಿದವರ ಬಲ ಮೊದಲ ಕೆಲವು ವಾರಗಳಲ್ಲೇ ಸರಸರನೆ ಏರುತ್ತದೆ, ಆಗ ಸ್ನಾಯು ಇನ್ನೂ ಹೆಚ್ಚು ದಪ್ಪವಾಗಿರುವುದಿಲ್ಲ. ಯಾವ ಸ್ನಾಯುವನ್ನು ಯಾವಾಗ ಎಷ್ಟು ಬಿಗಿಯಬೇಕು ಎಂಬುದನ್ನು ಮಿದುಳು ಮತ್ತು ನರಗಳು ಕಲಿಯುತ್ತಿರುತ್ತವೆ. ಏನನ್ನು ಅಭ್ಯಾಸ ಮಾಡಿಸುತ್ತೇವೋ ಅದನ್ನೇ ಅವು ಕಲಿಯುತ್ತವೆ. ಬೆನ್ನಿಗೆ ಆಸರೆ ಕೊಟ್ಟು ಕುಳಿತು ತಳ್ಳುವುದನ್ನು ಕಲಿಸಿದರೆ ಅದನ್ನು ಕಲಿಯುತ್ತವೆ. ನೆಲದಿಂದ ಬಗ್ಗಿ ಎತ್ತುವಾಗ ಸೊಂಟ, ಹೊಟ್ಟೆ, ಬೆನ್ನು ಒಂದು ಕಂಬದಂತೆ ಬಿಗಿಯಾಗಬೇಕು, ಅಂಗಾಲು ನೆಲವನ್ನು ಹಿಡಿಯಬೇಕು, ಮುಷ್ಟಿ ಜಾರಬಾರದು. ಇದಾವುದನ್ನೂ ಲೆಗ್ ಪ್ರೆಸ್ ಅವನಿಂದ ಕೇಳಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆ ನೋಡಿದವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ಗುಂಡುಕಲ್ಲಿಗೆ ಹಿಡಿಕೆ ಇಲ್ಲ. ಅದನ್ನು ತಬ್ಬಿ ತೊಡೆಯ ಮೇಲೆ ತಂದು, ಅಲ್ಲಿ ಒಂದು ಕ್ಷಣ ಉಸಿರು ಹಿಡಿದು, ಎದೆಗೇರಿಸಿ, ಹೆಗಲಿನಿಂದ ಹಿಂದಕ್ಕೆ ಎಸೆಯುವವರ ಮೈಕಟ್ಟು ಕೆಲವೊಮ್ಮೆ ತೀರಾ ಸಾಧಾರಣವಾಗಿ ಕಾಣುತ್ತದೆ. ಕಲ್ಲಿನ ಜೊತೆ ವರ್ಷಗಟ್ಟಲೆ ಬದುಕಿದವರು ಅವರು. ಆ ಬಲ ಕಲ್ಲಿನಿಂದಲೇ ಬಂದದ್ದು. ಹೊಲದ ಚೀಲವೂ ಕಲ್ಲಿನ ಜಾತಿಯದೇ; ರಾಡ್ ಅದಕ್ಕೆ ಹತ್ತಿರದ ಸಂಬಂಧಿ, ಮಷಿನ್ ದೂರದ ಸಂಬಂಧಿ.

ಇಲ್ಲಿ ಸ್ಮಿತ್ ಮಷಿನ್ ಬಗ್ಗೆ ಒಂದು ಮಾತು. ಎರಡು ಕಂಬಗಳ ನಡುವೆ ಹಳಿಯಲ್ಲಿ ಏರಿಳಿಯುವ ಆ ರಾಡ್ ಕಣ್ಣಿಗೆ ಬಾರ್ಬೆಲ್ಲಿನಂತೆಯೇ ಕಾಣುವುದರಿಂದ “ನಾನು ಸ್ಕ್ವಾಟ್ ಮಾಡುತ್ತೇನೆ” ಎಂದು ಅನೇಕರು ನಂಬಿದ್ದಾರೆ. 2009ರ ಒಂದು ಸಣ್ಣ ಕೆನಡಾ ಅಧ್ಯಯನದಲ್ಲಿ ಬಿಡಿ ರಾಡ್ ಸ್ಕ್ವಾಟ್‌ನಲ್ಲಿ ಸ್ನಾಯುಗಳ ವಿದ್ಯುತ್ ಚಟುವಟಿಕೆ ಸ್ಮಿತ್ ಮಷಿನ್‌ಗಿಂತ ಸರಾಸರಿ ಶೇ 43 ಹೆಚ್ಚಿತ್ತು. ಚಟುವಟಿಕೆ ಹೆಚ್ಚಿದಷ್ಟೂ ಬೆಳವಣಿಗೆ ಹೆಚ್ಚು ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಆದರೆ ಎರಡೂ ಒಂದೇ ಕೆಲಸ ಅಲ್ಲ ಎಂಬುದಂತೂ ಸ್ಪಷ್ಟ. ಸ್ಮಿತ್ ಮಷಿನ್ ಕೆಟ್ಟದ್ದಲ್ಲ, ಅದು ಬೇರೆ ವ್ಯಾಯಾಮ.

ಮೈಯ ಒಂದೊಂದು ಭಾಗಕ್ಕೆ

ತೊಡೆಯ ಮುಂಭಾಗದಿಂದ ತೊಡಗುತ್ತೇನೆ, ಏಕೆಂದರೆ ಇಲ್ಲಿ ಎರಡೂ ಕಡೆಯವರು ತಪ್ಪುತ್ತಾರೆ. “ಸ್ಕ್ವಾಟ್ ಒಂದೇ ಸಾಕು, ಕಾಲಿಗೆ ಬೇರೇನೂ ಬೇಡ” ಎಂಬ ಮಾತನ್ನು ನಾನೂ ಹತ್ತು ವರ್ಷ ಹೇಳಿದ್ದೇನೆ. 2019ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ 10 ವಾರ ಸ್ಕ್ವಾಟ್ ಮಾಡಿಸಿ ಎಂಆರ್‌ಐಯಲ್ಲಿ ತೊಡೆಯನ್ನು ಅಳೆದರು. ತೊಡೆಯ ಮುಂಭಾಗದ ಬಹುಪಾಲು ಸ್ನಾಯುಗಳು ಬೆಳೆದಿದ್ದವು. ಆಳಕ್ಕೆ ಕುಳಿತವರಲ್ಲಿ ಒಳತೊಡೆ ಮತ್ತು ಪೃಷ್ಠ ಇನ್ನೂ ಚೆನ್ನಾಗಿ ಬೆಳೆದಿದ್ದವು. ಆದರೆ ಮುಂತೊಡೆಯ ನಟ್ಟನಡುವೆ, ಸೊಂಟದಿಂದ ಮೊಣಕಾಲಿನವರೆಗೆ ಇಳಿಯುವ ಉದ್ದನೆಯ ಸ್ನಾಯು ಬೆಳೆದಿರಲಿಲ್ಲ. ತೊಡೆಯ ಹಿಂಭಾಗವೂ ಬೆಳೆದಿರಲಿಲ್ಲ. ಅವು ಸೊಂಟ ಮತ್ತು ಮೊಣಕಾಲು ಎರಡನ್ನೂ ದಾಟುವ ಸ್ನಾಯುಗಳು, ಸ್ಕ್ವಾಟ್‌ನಲ್ಲಿ ಒಂದು ತುದಿ ಹಿಗ್ಗುವಾಗ ಇನ್ನೊಂದು ತುದಿ ಕುಗ್ಗುವುದರಿಂದ ಅವುಗಳಿಗೆ ಸಾಕಷ್ಟು ಕೆಲಸ ಬೀಳುವುದಿಲ್ಲ. ಇದನ್ನು ಓದಿದ ಮೇಲೆ ನನ್ನ ಹುಡುಗರಿಗೆ ಸ್ಕ್ವಾಟ್ ಬಿಡಿಸಲಿಲ್ಲ, ಅದರ ಜೊತೆಗೆ ಲೆಗ್ ಎಕ್ಸ್‌ಟೆನ್ಶನ್ (ಕುಳಿತು ಮೊಣಕಾಲನ್ನು ಚಾಚುವುದು) ಮತ್ತು ಲೆಗ್ ಕರ್ಲ್ (ಮೊಣಕಾಲನ್ನು ಮಡಚುವುದು) ಸೇರಿಸಿದೆ. ಈ ಎರಡನ್ನು ಫ್ರೀ ವೇಟ್‌ನಲ್ಲಿ ಮಾಡುವುದು ಹೆಚ್ಚುಕಡಿಮೆ ಆಗದ ಮಾತು.

ಲೆಗ್ ಕರ್ಲ್‌ನಲ್ಲೇ ಎರಡು ಬಗೆ: ಬೋರಲು ಮಲಗಿ ಮಾಡುವುದು, ಕುಳಿತು ಮಾಡುವುದು. 2021ರ ಇನ್ನೊಂದು ಜಪಾನಿ ಅಧ್ಯಯನದಲ್ಲಿ ಅದೇ ಜನ ಒಂದು ಕಾಲಿನಲ್ಲಿ ಒಂದು ಬಗೆ, ಇನ್ನೊಂದು ಕಾಲಿನಲ್ಲಿ ಇನ್ನೊಂದು ಬಗೆ 12 ವಾರ ಮಾಡಿದರು. ಕುಳಿತು ಮಾಡಿದ ಕಾಲಿನ ಹಿಂತೊಡೆ ಶೇ 14ರಷ್ಟು ಬೆಳೆಯಿತು, ಮಲಗಿ ಮಾಡಿದ್ದು ಶೇ 9ರಷ್ಟು. ಕುಳಿತಾಗ ಸೊಂಟ ಬಾಗಿರುವುದರಿಂದ ಹಿಂತೊಡೆ ಮೊದಲೇ ಹಿಗ್ಗಿರುತ್ತದೆ, ಆ ಹಿಗ್ಗಿದ ಸ್ಥಿತಿಯಲ್ಲಿ ಕೆಲಸ ಮಾಡುತ್ತದೆ. ನಮ್ಮ ಊರುಗಳ ಬಹಳಷ್ಟು ಜಿಮ್‌ಗಳಲ್ಲಿ ನಾನು ನೋಡಿರುವುದು ಮಲಗುವ ಬಗೆಯೇ. ಅದಿದ್ದರೆ ಅದನ್ನೇ ಮಾಡಿ, ಜೊತೆಗೆ ಡಂಬೆಲ್ ಹಿಡಿದು ಮೊಣಕಾಲನ್ನು ತುಸುವೇ ಬಾಗಿಸಿ, ಸೊಂಟದಿಂದ ಬಗ್ಗುವ ರೊಮೇನಿಯನ್ ಡೆಡ್‌ಲಿಫ್ಟ್ ಸೇರಿಸಿಕೊಳ್ಳಿ. ಹಿಗ್ಗುವ ಕೆಲಸ ಅದರಿಂದ ಪೂರೈಸುತ್ತದೆ.

ಎದೆಗೆ ನನ್ನ ಆಯ್ಕೆ ಡಂಬೆಲ್. ರಾಡ್‌ಗಿಂತ ಆಳಕ್ಕೆ ಇಳಿಯುತ್ತದೆ, ಎಡ ಬಲ ಕೈಗಳ ವ್ಯತ್ಯಾಸ ಬಯಲಾಗುತ್ತದೆ, ಸೋತರೆ ಪಕ್ಕಕ್ಕೆ ಇಳಿಸಬಹುದು. ಕೈಗಳನ್ನು ಅಗಲಿಸಿ ಜೋಡಿಸುವ ಫ್ಲೈ ಮಾತ್ರ ಕೇಬಲ್ ಅಥವಾ ಪೆಕ್ ಡೆಕ್ (ಕುಳಿತು ಎರಡೂ ಹಿಡಿಕೆಗಳನ್ನು ಎದೆಯ ಮುಂದೆ ಸೇರಿಸುವ) ಮಷಿನ್‌ನಲ್ಲೇ ಉತ್ತಮ. ಡಂಬೆಲ್ ಹಿಡಿದು ಮಾಡುವಾಗ ಕೈಗಳು ಮೇಲೆ ಸೇರುವ ಹೊತ್ತಿಗೆ ಭಾರ ನೇರವಾಗಿ ಎಲುಬಿನ ಮೇಲೆ ಕೂತುಬಿಡುತ್ತದೆ, ಎದೆಗೆ ಕೆಲಸ ಉಳಿಯುವುದಿಲ್ಲ. ಭೂಮಿ ಭಾರವನ್ನು ಕೆಳಕ್ಕೆ ಮಾತ್ರ ಜಗ್ಗುತ್ತದೆ. ಕೇಬಲ್ ನಾವು ಬಯಸಿದ ದಿಕ್ಕಿಗೆ ಜಗ್ಗುತ್ತದೆ. ಮಷಿನ್ ಕಟ್ಟಿದವರು ತಲೆ ಕೆಡಿಸಿಕೊಂಡದ್ದು ಇದರ ಬಗ್ಗೆಯೇ. ಸ್ವೀಡನ್‌ನ ವೈದ್ಯ ಗುಸ್ತಾವ್ ಸಾಂಡರ್ 1860ರ ದಶಕದಲ್ಲೇ ಸ್ಟಾಕ್‌ಹೋಮ್‌ನಲ್ಲಿ ವ್ಯಾಯಾಮದ ಯಂತ್ರಗಳನ್ನು ಕಟ್ಟಿ ರೋಗಿಗಳಿಗೆ ಬಳಸಿದ. ನೂರು ವರ್ಷದ ಬಳಿಕ, 1970ರ ಸುಮಾರಿಗೆ, ಅಮೆರಿಕದ ಆರ್ಥರ್ ಜೋನ್ಸ್ ರಾಟೆಯನ್ನು ದುಂಡಗೆ ಮಾಡದೆ ಶಂಖದ ಸುರುಳಿಯಂತೆ ಮಾಡಿದ. ಕೈ ಬಲವಾಗಿರುವ ಕೋನದಲ್ಲಿ ಭಾರ ಹೆಚ್ಚಾಗಿ, ದುರ್ಬಲವಾಗಿರುವ ಕೋನದಲ್ಲಿ ಕಡಿಮೆಯಾಗಿ ಸಿಗಲಿ ಎಂದು. ನಿಮ್ಮ ಜಿಮ್‌ನ ಹಳೆಯ ಮಷಿನ್‌ನಲ್ಲಿ ವಕ್ರವಾದ ರಾಟೆ ಕಂಡರೆ ಅದು ತಯಾರಿಕೆಯ ದೋಷವಲ್ಲ.

ಬೆನ್ನಿಗೆ ಎರಡೂ ಬೇಕು. ಪುಲ್‌ಅಪ್ (ಬೀಮ್‌ಗೆ ಜೋತು ಮೈಯನ್ನು ಮೇಲೆಳೆಯುವುದು) ಒಂದನ್ನೂ ಮಾಡಲಾಗದವರಿಗೆ, ಕುಳಿತು ಮೇಲಿನ ರಾಡನ್ನು ಕೆಳಗೆಳೆಯುವ ಲ್ಯಾಟ್ ಪುಲ್‌ಡೌನ್ ಮಷಿನ್ ದೊಡ್ಡ ಉಪಕಾರಿ. ಭಾರವನ್ನು ತಮ್ಮ ಶಕ್ತಿಗೆ ತಕ್ಕಂತೆ ಇಟ್ಟುಕೊಳ್ಳಬಹುದು. ರಾಡನ್ನು ಕತ್ತಿನ ಹಿಂದಕ್ಕೆ ಎಳೆಯಬೇಡಿ, ಎದೆಯ ಕಡೆಗೆ ಎಳೆಯಿರಿ. ಹೆಗಲಿಗೆ ಡಂಬೆಲ್, ತೋಳಿಗೆ ಯಾವುದಾದರೂ ಸರಿ. ತೋಳಿನ ಹಿಂಭಾಗಕ್ಕೆ ಮಾತ್ರ ಕೈಯನ್ನು ತಲೆಯ ಮೇಲೆ ಎತ್ತಿ, ಮೊಣಕೈ ಮಡಚಿ ನೀಡುವ ವ್ಯಾಯಾಮವನ್ನು ಕೇಬಲ್‌ನಲ್ಲೋ ಡಂಬೆಲ್‌ನಲ್ಲೋ ಬಿಡದೆ ಮಾಡಿ.

ಯಾರಿಗೆ ಯಾವುದು

ಸೇನಾ ಭರ್ತಿಗೆ ತಯಾರಾಗುವ ಹುಡುಗರು ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಊರಿಗೆ ಹತ್ತು ಜನ ಸಿಗುತ್ತಾರೆ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದ ಹತ್ತಿರ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರ‍್ಯಾಲಿಯಲ್ಲಿ 1.6 ಕಿ.ಮೀ. ಓಟ, ಬೀಮ್ ಹಿಡಿದು ಪುಲ್‌ಅಪ್, 9 ಅಡಿ ಕಂದಕ ಜಿಗಿತ. ಪೆಕ್ ಡೆಕ್ ಅಲ್ಲಿ ಇರುವುದಿಲ್ಲ. ಇವರು ಜಿಮ್‌ಗೆ ಬಂದು ತೋಳು ತುಂಬಿಸಿಕೊಂಡು ಹೋಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಪುಲ್‌ಡೌನ್ ಮಷಿನ್ ಅವರಿಗೆ ಏಣಿ ಮಾತ್ರ. ಮೂರು ಪುಲ್‌ಅಪ್ ಬಂದ ದಿನದಿಂದ ಬೀಮ್‌ಗೇ ಜೋತುಬೀಳಬೇಕು. ಕುಸ್ತಿ ಮಾಡುವವರಿಗೂ ಇದೇ ಮಾತು: ದಂಡ, ಬೈಠಕ್, ಗದೆಯ ಜೊತೆ ಸ್ಕ್ವಾಟ್ ಮತ್ತು ಡೆಡ್‌ಲಿಫ್ಟ್ (ನೆಲದ ಮೇಲಿನ ರಾಡನ್ನು ಬಗ್ಗಿ ಎತ್ತಿ ನೆಟ್ಟಗೆ ನಿಲ್ಲುವುದು). ಎದುರಾಳಿಯ ಮೈ ಹಳಿಯ ಮೇಲೆ ಚಲಿಸುವುದಿಲ್ಲ.

ಇನ್ನೊಂದು ತುದಿಯಲ್ಲಿ ನಮ್ಮ ವೈನಿ ಇದ್ದಾರೆ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಿವೃತ್ತರಾಗಿ, 64ನೆಯ ವಯಸ್ಸಿನಲ್ಲಿ ಮೊಣಕಾಲು ನೋವಿನಿಂದ ಕುರ್ಚಿಯಿಂದ ಏಳಲು ಕೈ ಊರುತ್ತಿದ್ದರು. ವೈದ್ಯರನ್ನು ಕೇಳಿ, ರಕ್ತದೊತ್ತಡ ನೋಡಿಸಿ, ಬೆಳಗಿನ ಹೊತ್ತು ಜನ ಕಡಿಮೆ ಇದ್ದಾಗ ಲೆಗ್ ಪ್ರೆಸ್‌ನಲ್ಲಿ ಬರಿ ಗಾಡಿಯನ್ನು ಮಾತ್ರ ತಳ್ಳಿಸುತ್ತ ಆರಂಭಿಸಿದೆವು. ಮಷಿನ್ ಇಲ್ಲದಿದ್ದರೆ ಅವರು ಆ ಜಿಮ್‌ನಲ್ಲಿ ಎರಡನೆಯ ದಿನ ಕಾಲಿಡುತ್ತಿರಲಿಲ್ಲ. ಬೀಳುವ ಭಯವೇ ಇಲ್ಲದ್ದರಿಂದ ಅವರಿಗೆ ತಮ್ಮ ಕಾಲಿನ ಮೇಲೆ ನಂಬಿಕೆ ಬಂತು. ನಾಲ್ಕು ತಿಂಗಳ ಬಳಿಕ ಕುರ್ಚಿಯಿಂದ ಎದ್ದು ಕೂರುವುದನ್ನೇ ವ್ಯಾಯಾಮ ಮಾಡಿದೆವು, ಆಮೇಲೆ ಕೈಯಲ್ಲಿ 5 ಕೆ.ಜಿ. ಡಂಬೆಲ್ ಕೊಟ್ಟೆವು. ಮಷಿನ್‌ನಿಂದ ಬಿಡಿ ಭಾರಕ್ಕೆ, ಬಿಡಿ ಭಾರದಿಂದ ಮನೆಯ ಮೆಟ್ಟಿಲಿಗೆ. ವಯಸ್ಸಾದವರಿಗೆ ಈ ಕ್ರಮಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಪ್ಪತ್ತರ ಹುಡುಗರಿಗೆ ಮಾತ್ರ ಅಲ್ಲ, ಅರವತ್ತೈದು ದಾಟಿದವರಿಗೂ. ಭಾರ ತಳ್ಳುವಾಗ ಉಸಿರು ಕಟ್ಟಿ ಹಿಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ, ಆದ್ದರಿಂದ ಇವರಿಗೆ ತಳ್ಳುವಾಗ ಉಸಿರು ಬಿಡುವುದನ್ನು ಮೊದಲ ದಿನವೇ ಕಲಿಸಬೇಕು.

ಹೆಣ್ಣುಮಕ್ಕಳಿಗೆ ಬೇರೆ ನಿಯಮ ಇಲ್ಲ, ಸ್ನಾಯು ಒಂದೇ. ಆದರೆ ಸಾಧನದ ಅಳತೆ ಮುಖ್ಯ. ಒಲಿಂಪಿಕ್ ಅಳತೆಯ ಗಂಡಸರ ಬಾರ್ 20 ಕೆ.ಜಿ. ಮತ್ತು 28 ಮಿ.ಮೀ. ದಪ್ಪ, ಹೆಂಗಸರದು 15 ಕೆ.ಜಿ. ಮತ್ತು 25 ಮಿ.ಮೀ. ಸಣ್ಣ ಕೈಗೆ ಆ ಮೂರು ಮಿ.ಮೀ. ದೊಡ್ಡ ವ್ಯತ್ಯಾಸ. ಬರಿ ಬಾರ್ ಕೂಡ ಭಾರವಾದರೆ ಡಂಬೆಲ್‌ನಿಂದ ಆರಂಭಿಸಬೇಕು. ಮಷಿನ್‌ಗಳ ಆಸನವೂ ಎತ್ತರದ ಗಂಡಸಿನ ಲೆಕ್ಕದಲ್ಲೇ ಇರುವುದನ್ನು ಅನೇಕ ಕಡೆ ನೋಡಿದ್ದೇನೆ, ಬೆನ್ನ ಹಿಂದೆ ದಪ್ಪ ದಿಂಬು ಇಟ್ಟರೆ ಸರಿಹೋಗುತ್ತದೆ. ಲೆಗ್ ಎಕ್ಸ್‌ಟೆನ್ಶನ್‌ನಲ್ಲಿ ಮೊಣಕಾಲಿನ ಕೀಲು ಮಷಿನ್‌ನ ಕೀಲಿನ ನೇರಕ್ಕೆ ಬರಬೇಕು. ಅದು ತಪ್ಪಿದರೆ ಮಷಿನ್ ಕೂಡ ಮೊಣಕಾಲನ್ನು ಕೆಡಿಸುತ್ತದೆ. ಮಷಿನ್‌ನಲ್ಲಿ ಪೆಟ್ಟಾಗುವುದಿಲ್ಲ ಎಂಬ ನಂಬಿಕೆ ಇಲ್ಲಿ ಮುರಿದು ಬೀಳುತ್ತದೆ. ಹಳಿ ನಮ್ಮ ಕೀಲಿಗೆ ಹೊಂದದಿದ್ದರೂ ನಮ್ಮ ಕೀಲು ಹಳಿಗೆ ಹೊಂದಿಕೊಳ್ಳಬೇಕಾಗುತ್ತದೆ, ದಿನವೂ, ಅದೇ ದಾರಿಯಲ್ಲಿ.

ರಾಡ್‌ನ ಅಪಾಯ ಬೇರೆ ಬಗೆಯದು, ಅದು ಒಂದೇ ಕ್ಷಣದಲ್ಲಿ ಬರುತ್ತದೆ. ನನಗೆ ಇಪ್ಪತ್ತನಾಲ್ಕು ವಯಸ್ಸಿದ್ದಾಗ, ನಾನು ಹೋಗುತ್ತಿದ್ದ ಜಿಮ್‌ನ ಬೆಂಚಿಗೆ ಪಕ್ಕದ ತಡೆಗಳು ಇರಲಿಲ್ಲ. ಮಧ್ಯಾಹ್ನ ಒಬ್ಬನೇ ಬೆಂಚ್ ಪ್ರೆಸ್ (ಮಲಗಿ ರಾಡನ್ನು ಎದೆಯಿಂದ ಮೇಲಕ್ಕೆ ತಳ್ಳುವುದು) ಮಾಡುತ್ತಿದ್ದೆ, ಎಂಟನೆಯ ಸಲಕ್ಕೆ ರಾಡ್ ಎದೆಯ ಮೇಲೆ ನಿಂತಿತು. ಪ್ಲೇಟ್‌ಗಳಿಗೆ ಕ್ಲಿಪ್ ಹಾಕಿರಲಿಲ್ಲ. ಮೈ ಓರೆ ಮಾಡಿ ಒಂದು ಕಡೆಯ ಪ್ಲೇಟ್‌ಗಳನ್ನು ಜಾರಿಸಿ ಪಾರಾದೆ. ಪಕ್ಕೆಲುಬಿನ ನೋವು ಒಂದು ತಿಂಗಳು ಇತ್ತು. ಅಂದಿನಿಂದ ನನ್ನ ನಿಯಮ ಇದು: ತಡೆ ಇರುವ ಸ್ಟ್ಯಾಂಡ್ ಅಥವಾ ಪಕ್ಕದಲ್ಲಿ ಒಬ್ಬ ಮನುಷ್ಯ, ಎರಡರಲ್ಲಿ ಒಂದಾದರೂ ಇಲ್ಲದೆ ಯಾರೂ ರಾಡ್‌ನಲ್ಲಿ ಸುಸ್ತಿನ ಅಂಚಿಗೆ ಹೋಗಬಾರದು. ಹೆಬ್ಬೆರಳನ್ನು ರಾಡ್ ಸುತ್ತ ಹಾಕದೆ ಹಿಡಿಯುವುದಂತೂ ಎಂದಿಗೂ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿದಾಗ, ತಗಡಿನ ಮಾಡಿನ ಕೆಳಗೆ ಕೈ ಬೆವರಿ ರಾಡ್ ಸೋಪಿನಂತೆ ಜಾರುತ್ತದೆ. ಆ ದಿನಗಳಲ್ಲಿ ಭಾರದ ರಾಡ್ ಕೆಲಸವನ್ನು ಬೆಳಗಿನ ಆರು ಗಂಟೆಗೆ ಇಟ್ಟುಕೊಳ್ಳಿ, ಸಂಜೆಗೆ ಮಷಿನ್ ಸಾಕು.

ಮನೆಯಲ್ಲೇ ಮಾಡುವವರಿಗೆ ಹೋಲಿಕೆಯ ಅಗತ್ಯವೇ ಇಲ್ಲ: ಪ್ಲೇಟ್ ಬದಲಿಸಬಹುದಾದ ಒಂದು ಜೊತೆ ಡಂಬೆಲ್, ಒಂದು ಗಟ್ಟಿ ಬೆಂಚು, ಜೋತುಬೀಳಲು ಒಂದು ಪೈಪು. ಪ್ಲಾಸ್ಟಿಕ್ ಚಿಪ್ಪಿನೊಳಗೆ ಸಿಮೆಂಟ್ ತುಂಬಿದ ಪ್ಲೇಟ್‌ಗಳು ಅಗ್ಗ, ಆದರೆ ದಪ್ಪವಾಗಿರುವುದರಿಂದ ರಾಡ್‌ನ ಮೇಲೆ ಬೇಗ ಜಾಗ ಮುಗಿಯುತ್ತದೆ, ಒಂದೆರಡು ಸಲ ಬಿದ್ದರೆ ಸೀಳುತ್ತವೆ. ಬೀಡುಕಬ್ಬಿಣದ್ದನ್ನೇ ಕೊಳ್ಳಿ, ಮಕ್ಕಳ ಕಾಲಕ್ಕೂ ಬರುತ್ತದೆ.

ಭಾರ ಏರಿಸುವ ಹೆಜ್ಜೆಯ ಬಗ್ಗೆಯೂ ಹೇಳಬೇಕು, ಏಕೆಂದರೆ ತಿಂಗಳುಗಟ್ಟಲೆ ಮುಂದೆ ಹೋಗದೆ ನಿಂತವರಲ್ಲಿ ಅರ್ಧ ಜನರ ತೊಂದರೆ ಇದೇ. ರಾಡ್‌ಗೆ ಎರಡೂ ಕಡೆ 1.25 ಕೆ.ಜಿ. ಪ್ಲೇಟ್ ಹಾಕಿದರೆ ಒಟ್ಟು 2.5 ಕೆ.ಜಿ. ಮಾತ್ರ ಏರುತ್ತದೆ. ಮಷಿನ್‌ನಲ್ಲಿ ಭಾರ ಆರಿಸುವ ಪಿನ್ ಒಂದು ಮನೆ ಕೆಳಗಿಳಿದರೆ ಹಲವೆಡೆ 5 ಕೆ.ಜಿ., ಕೆಲವೆಡೆ ಅದಕ್ಕೂ ಹೆಚ್ಚು. ಭುಜದಂಥ ಸಣ್ಣ ಸ್ನಾಯುವಿಗೆ ಇದು ಒಮ್ಮೆಲೇ ದೊಡ್ಡ ಜಿಗಿತ. ಅಂಥಲ್ಲಿ ಭಾರ ಏರಿಸುವ ಮೊದಲು ಸಲಗಳನ್ನು ಏರಿಸಿ: ಹತ್ತು ಆಗುತ್ತಿದ್ದದ್ದು ಹದಿನೈದು ಆದ ಮೇಲೆ ಪಿನ್ ಇಳಿಸಿ. ಎಲ್ಲವನ್ನೂ ಒಂದು ಸಣ್ಣ ನೋಟ್‌ಬುಕ್‌ನಲ್ಲಿ ಬರೆದಿಡಿ. ಊಟದ ಬಗ್ಗೆ ಇಲ್ಲಿ ಒಂದೇ ಮಾತು: ಮೈ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸೇರದಿದ್ದರೆ ರಾಡ್ ಆಗಲಿ ಮಷಿನ್ ಆಗಲಿ ತನ್ನ ಪೂರ್ತಿ ಫಲ ಕೊಡಲಾರದು. ರೊಟ್ಟಿಯ ಜೊತೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ತಿನ್ನುವವರಿಗೆ ಮೊಟ್ಟೆ; ಇವನ್ನು ಪ್ರತಿ ಊಟದಲ್ಲಿ ಹೆಚ್ಚಿಸಿದರೆ ಡಬ್ಬಿಯ ಪುಡಿ ಇಲ್ಲದೆಯೂ ಅದರ ಬಹುಪಾಲು ತಲುಪಬಹುದು.

ಸೋದರಳಿಯನಿಗೆ ಕೊನೆಗೆ ಬರೆದುಕೊಟ್ಟದ್ದು ವಾರಕ್ಕೆ ಮೂರು ದಿನ. ಪ್ರತಿ ದಿನದ ಮೊದಲ ಅರ್ಧ ಗಂಟೆ, ಮೈ ತಾಜಾ ಇರುವಾಗ, ರಾಡ್: ಒಂದು ದಿನ ಸ್ಕ್ವಾಟ್, ಒಂದು ದಿನ ಡೆಡ್‌ಲಿಫ್ಟ್, ಒಂದು ದಿನ ನಿಂತು ತಲೆಯ ಮೇಲೆ ತಳ್ಳುವ ಪ್ರೆಸ್. ಐದೈದು ಸಲ, ಸುಸ್ತಿನ ಅಂಚಿಗೆ ಹೋಗದೆ, ಪ್ರತಿ ಸಲವೂ ಅಂದವಾಗಿ. ಇದು ನರಗಳ ಪಾಠದ ಹೊತ್ತು. ಅದಾದ ಮೇಲೆ ಡಂಬೆಲ್, ಕೊನೆಗೆ ಮಷಿನ್. ಅಲ್ಲಿ ಹತ್ತರಿಂದ ಹದಿನೈದು ಸಲ, ಕೊನೆಯ ಸಲ ಮುಖ ಕೆಂಪಾಗುವವರೆಗೆ. ಸ್ಕ್ವಾಟ್ ಅನ್ನು ಬರಿ 20 ಕೆ.ಜಿ. ಬಾರ್‌ನಿಂದ ಆರಂಭಿಸಬೇಕು ಎಂದಾಗ 200 ತಳ್ಳುವವನಿಗೆ ಅದು ಅವಮಾನವೆನಿಸಿತು, ಆದರೂ ಒಪ್ಪಿದ. ಐದನೆಯ ತಿಂಗಳಿಗೆ 80ಕ್ಕೆ ಬಂದಿದ್ದಾನೆ. ಬೆಳೆದಿದ್ದ ತೊಡೆ ಅವನ ಕೈಬಿಡಲಿಲ್ಲ, ಎಂದೂ ಜಿಮ್ ಕಾಣದ ಹುಡುಗನಿಗಿಂತ ಎಷ್ಟೋ ಬೇಗ ಮೇಲೇರಿದ.

ಹೊಸ ಜಿಮ್‌ಗೆ ವರ್ಷದ ಹಣ ಕಟ್ಟುವ ಮೊದಲು ಒಂದು ಸಂಜೆ ಸುಮ್ಮನೆ ಹೋಗಿ ನಿಂತು ನೋಡಿ. ಟ್ರೆಡ್‌ಮಿಲ್ ಎಷ್ಟು ಎಂದು ಎಣಿಸಬೇಡಿ. ಸ್ಕ್ವಾಟ್ ಸ್ಟ್ಯಾಂಡ್‌ಗೆ ಎರಡೂ ಕಡೆ ತಡೆಗಳು ಇವೆಯೇ, 1.25ರ ಪ್ಲೇಟ್‌ಗಳು ಇವೆಯೇ, ಕೇಬಲ್‌ಗಳನ್ನು ಬೆರಳಿನಿಂದ ಸವರಿದರೆ ಎಳೆ ಬಿಚ್ಚಿಕೊಂಡು ಚುಚ್ಚುತ್ತದೆಯೇ, ಮಷಿನ್ ಆಸನದ ಪಿನ್ ಗಟ್ಟಿಯಾಗಿ ಕೂರುತ್ತದೆಯೇ ಎಂದು ನೋಡಿ. ಹೊಸಬನೊಬ್ಬ ತಪ್ಪಾಗಿ ಎತ್ತುತ್ತಿರುವಾಗ ಯಾರಾದರೂ ಎದ್ದು ಹೋಗಿ ತಿದ್ದುತ್ತಾರೆಯೇ ಎಂಬುದನ್ನು ಬೇರೆಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿ. ತಿದ್ದುವವರು ಇದ್ದರೆ ರಾಡ್‌ನಿಂದಲೇ ಆರಂಭಿಸಬಹುದು. ಇಲ್ಲದಿದ್ದರೆ ಮೊದಲ ಮೂರು ತಿಂಗಳು ಮಷಿನ್ ಮತ್ತು ಹಗುರ ಡಂಬೆಲ್‌ಗಳ ಜೊತೆ ಕಳೆದು, ಅಷ್ಟರಲ್ಲಿ ಕಲಿಸಬಲ್ಲ ಒಬ್ಬರನ್ನು ಹುಡುಕಿಕೊಳ್ಳಿ. ಹೊರಡುವಾಗ, ಪ್ಲೇಟ್ ಇಲ್ಲದ ಬರಿ ರಾಡ್‌ನ ತೂಕ ಎಷ್ಟು ಎಂದು ಅಲ್ಲಿಯವರನ್ನು ಕೇಳಿ. ಸಣ್ಣ ಜಿಮ್‌ಗಳ ರಾಡ್ 20 ಕೆ.ಜಿ. ಇರಲೇಬೇಕೆಂದಿಲ್ಲ, ಅದರ ಅರ್ಧವೂ ಇರಬಹುದು. ಗೊತ್ತಿಲ್ಲ ಎಂದರೆ ತೂಕದ ಯಂತ್ರದ ಮೇಲೆ ರಾಡ್ ಹಿಡಿದು ನಿಂತು, ನಿಮ್ಮ ತೂಕವನ್ನು ಕಳೆದು, ಬಂದ ಅಂಕಿಯನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೊಳ್ಳಿ.